ಮುಚ್ಚಿದ ಕೊಳವೆಬಾವಿಯ ಪುಟ ಬರೆದವರಿಗೆ

ನೆರಳೂರು, ಕೊಪ್ಪಳದ ಬಯಲು
ಫೆಬ್ರವರಿ ಮೂವತ್ತು, ಇಸವಿ 2231

ಆ ಪುಟ ಬರೆದವರಿಗೆ ಸಾಂವಕ್ಕ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಕೈತಪ್ಪಿನಿಂದ ಬರೆದಿದ್ದಾಳೆ ಅಂದುಕೊಳ್ಳಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ದಿನಗಳು ವರ್ಷದ ಕೊನೆಗೆ ಬರುತ್ತವೆ. ಅವು ಯಾವ ತಿಂಗಳಿಗೂ ಸೇರುವುದಿಲ್ಲ, ಅವನ್ನು ಹೊರದಿನ ಎನ್ನುತ್ತೇವೆ, ಆಗ ಯಾರೂ ಕೆಲಸಕ್ಕೆ ಹೋಗುವುದಿಲ್ಲ. ನಿಮಗೆ ಹೊಸತಾಗಿ ಕೇಳುವ ಮಾತುಗಳು ಇನ್ನೂ ಕೆಲವು ಬರುತ್ತವೆ, ಕ್ಷಮಿಸಿ. ನಿಮ್ಮ ಕಾಲದ ಬರವಣಿಗೆಯ ಕನ್ನಡವನ್ನು ನಾನು ನಡುವಯಸ್ಸು ದಾಟಿದ ಮೇಲೆ ಕಲಿತೆ, ನಿಮ್ಮ ಪುಟಗಳನ್ನು ಓದಿ ಓದಿ. ಎಡವಿದ ಕಡೆ ನೀವೇ ಸರಿಮಾಡಿಕೊಂಡು ಓದಬೇಕು.

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಗಂಡಸೋ ಹೆಂಗಸೋ ಅದೂ ಗೊತ್ತಿಲ್ಲ. ಇನ್ನೂರು ವರ್ಷಗಳ ಹಿಂದೆ ಯಾವುದೋ ಕಚೇರಿಯಲ್ಲಿ ಕುಳಿತು ನೀವು ಒಂದು ಕೊಳವೆಬಾವಿಯ ಬಗ್ಗೆ ಒಂದು ಪುಟ ಬರೆದು ಅಂತರ್ಜಾಲಕ್ಕೆ ಹಾಕಿದಿರಿ. ಆ ಪುಟ ನಮ್ಮ ಕೈಗೆ ಬಂತು. ಬಂದ ಮೇಲೆ ಏನಾಯಿತು ಎಂಬುದನ್ನು ನಿಮಗೆ ತಿಳಿಸುವುದಕ್ಕೆ ಈ ಓಲೆ.

ನೆರಳೂರು ನಿಮ್ಮ ಕಾಲದಲ್ಲಿ ಇರಲಿಲ್ಲ. ಆಗ ಈ ಜಾಗದಲ್ಲಿ ಬೇರೊಂದು ಹಳ್ಳಿ ಇತ್ತಂತೆ, ಆಮೇಲೆ ಅದು ಖಾಲಿಯಾಗಿ ಬಹಳ ಕಾಲ ಬರೀ ಜಾಲಿ ಬೆಳೆದಿತ್ತಂತೆ. ನಮ್ಮ ಅತ್ತೆ-ಮಾವನ ಕಾಲದಲ್ಲಿ ಕೆಲವು ಮನೆತನಗಳು ಇಲ್ಲಿಗೆ ಬಂದು ಜಾಲಿ ಕಡಿದು ನೆಲೆ ನಿಂತವು. ಊರಿನ ಮೇಲೆಲ್ಲ ಬಿಸಿಲುಹಾಳೆ ಹಾಸಿದ್ದೇವೆ. ಅದು ಮೇಲೆ ಬಿಸಿಲು ಕುಡಿದು ಕರೆಂಟು ಕೊಡುತ್ತದೆ, ಕೆಳಗೆ ನೆರಳು ಕೊಡುತ್ತದೆ, ಊರಿಗೆ ಹೆಸರು ಬಂದದ್ದು ಅದರಿಂದ. ಹೊತ್ತು ಏರಿದ ಮೇಲೆ ಇಳಿಯುವವರೆಗೆ ಬಯಲಿನಲ್ಲಿ ಕೆಲಸ ಮಾಡುವುದಕ್ಕೆ ಯಾರಿಗೂ ಅಪ್ಪಣೆ ಇಲ್ಲ. ಅದಕ್ಕೆ ಬಿಸಿಲುಕಟ್ಟು ಎಂದು ಹೆಸರು. ಆಗ ಊರಿಗೆ ಊರೇ ನಡುವಿನ ಕಟ್ಟೆಯ ಮೇಲೆ ಸೇರುತ್ತದೆ. ನವಣೆ ಹಸನು ಮಾಡುವವರು, ಕೌದಿ ಹೊಲಿಯುವವರು, ಸುಮ್ಮನೆ ಮಲಗುವವರು. ಜಗಳ, ಮದುವೆ ಮಾತು, ಊರಿನ ತೀರ್ಮಾನ ಎಲ್ಲ ಅಲ್ಲೇ. ನೀರು ನದಿಯಿಂದ ಹಳಿಯ ಮೇಲೆ ಬಂಡಿಯಲ್ಲಿ ಬರುತ್ತಿತ್ತು. ಆ ಸಾಲಿನಲ್ಲಿ ನಮ್ಮದೇ ಕೊನೆಯ ಊರು, ಎಲ್ಲರೂ ತುಂಬಿಕೊಂಡು ಉಳಿದದ್ದು ನಮಗೆ. ಮುಖ ತೊಳೆದ ನೀರಿನಲ್ಲಿ ಬಟ್ಟೆ ಸೆಳೆಯುತ್ತಿದ್ದೆವು, ಬಟ್ಟೆ ಹಿಂಡಿದ ನೀರಿನಲ್ಲಿ ನೆಲ ಒರೆಸುತ್ತಿದ್ದೆವು, ಆಮೇಲೆ ಉಳಿದದ್ದು ಬದನೆ ಗಿಡಕ್ಕೆ. ಇದನ್ನು ಕಷ್ಟ ಎಂದು ಹೇಳುತ್ತಿಲ್ಲ. ನಾವು ಹುಟ್ಟಿದಾಗಿನಿಂದ ಹಾಗೆಯೇ ಇತ್ತು.

ನನ್ನ ಗಂಡನ ಹೆಸರು ಗವಿಸಿದ್ದ. ಊರವರು ಅವರನ್ನು ನೀರುಗೌಡ ಎಂದು ಆರಿಸಿದ್ದರು. ಬಂಡಿ ಬಂದಾಗ ಯಾರಿಗೂ ಹೆಚ್ಚು-ಕಡಿಮೆ ಆಗದಂತೆ ನೀರು ಹಂಚುವವನೇ ನೀರುಗೌಡ. ಅವರದು ದೊಡ್ಡ ಗಂಟಲು, ದೊಡ್ಡ ನಗೆ. ಬಂಡಿ ತಡವಾದರೆ ತಾವೇ ಹಳಿಯ ಗುಂಟ ಎದುರಿಗೆ ನಡೆದು ಹೋಗುತ್ತಿದ್ದರು. ಹೋಗಿ ಏನು ಮಾಡುತ್ತೀರಿ ಎಂದು ನಾನು ಕೇಳಿದರೆ, ‘ನಾ ಎದುರಿಗಿ ಹೋದ್ರ ಅದಕ ನಾಚಿಗಿ ಬಂದು ಲಗೂ ಬರ್ತೈತಿ’ ಎನ್ನುತ್ತಿದ್ದರು.

ನಮ್ಮ ಮಗಳು ಮುಕ್ತಾ ಕೂಸಾಗಿದ್ದಾಗ, ಹೊಸ ನೆರಳುಕಂಬ ನಿಲ್ಲಿಸಲು ಗುಂಡಿ ತೋಡುವಾಗ, ನೆಲದೊಳಗೆ ಒಂದು ಕಬ್ಬಿಣದ ಮುಚ್ಚಳ ಸಿಕ್ಕಿತು. ಕೊಳವೆಬಾವಿಯ ಬಾಯಿಗೆ ಬೆಸುಗೆ ಹಾಕಿ ಮುಚ್ಚಿದ್ದರು. ಮುಚ್ಚಳದ ಮೇಲೆ ಒಂದು ಸಂಖ್ಯೆ ಕೊರೆದಿತ್ತು, ಬೇರೇನೂ ಇರಲಿಲ್ಲ. ಊರಿಗೆ ಊರೇ ಬಂದು ಆ ಮುಚ್ಚಳದ ಸುತ್ತ ನಿಂತಿತು. ಗವಿಸಿದ್ದ ಅಂಗೈಯಿಂದ ಅದರ ಮಣ್ಣು ಒರೆಸಿ ಒರೆಸಿ ಸಂಖ್ಯೆ ನೋಡಿಕೊಂಡರು. ಮರುದಿನವೇ ಕೊಪ್ಪಳಕ್ಕೆ ಹೊರಟರು.

ಕೊಪ್ಪಳದಲ್ಲಿ ಒಂದು ಜಾಲಗೂಡು ಇದೆ. ನಿಮ್ಮ ಕಾಲದ ಅಂತರ್ಜಾಲದಲ್ಲಿ ಅಳಿಯದೆ ಉಳಿದದ್ದನ್ನು ಒಂದು ತಣ್ಣನೆಯ ನೆಲಮಾಳಿಗೆಯಲ್ಲಿ ಕೂಡಿಟ್ಟಿದ್ದಾರೆ. ನೀವು ಬ್ರೌಸರ್ ಎನ್ನುತ್ತಿದ್ದ ಉಪಕರಣವೇ ಅಲ್ಲಿಯೂ ಇರುವುದು. ಅದಕ್ಕೆ ನಾವು ಇಣುಕು ಎನ್ನುತ್ತೇವೆ, ಹಳೆಯ ಪುಟಗಳನ್ನು ಅದರಲ್ಲಿ ಇಣುಕಿ ನೋಡುವುದರಿಂದ. ಎಂಥ ಪುಟವನ್ನಾದರೂ ತಾನೇ ಬಿಡಿಸಿ ಓದಿ ಹೇಳುವ ಯಂತ್ರಗಳು ದೊಡ್ಡ ನಗರಗಳಲ್ಲಿವೆಯಂತೆ. ಅವಕ್ಕೆ ಹಾಕುವಷ್ಟು ಕರೆಂಟು ನಮ್ಮ ಕಡೆ ಇಲ್ಲ. ಗವಿಸಿದ್ದ ಮುಚ್ಚಳದ ಸಂಖ್ಯೆ ಹೇಳಿದರು, ಗೂಡು ನೋಡಿಕೊಳ್ಳುವವನು ಅದನ್ನು ಒತ್ತಿದ, ಒಂದು ಪುಟ ತೆರೆಯಿತು. ನಿಮ್ಮ ಪುಟ.

ಅದರ ಅಚ್ಚು ತೆಗೆಸಿಕೊಂಡು ಬಂದಿದ್ದರು. ಆ ಹಾಳೆಯನ್ನು ನಾನೂ ನೋಡಿದೆ. ಒಂದು ಕನ್ನಡ ಅಕ್ಷರವೂ ಇರಲಿಲ್ಲ. ಎಲ್ಲಿ ನೋಡಿದರೂ ತಲೆಯ ಮೇಲೆ ಓರೆ ಗೀಟು ಇಟ್ಟ ಇಂಗ್ಲಿಷಿನ ಎ, ಅದರ ಹೆಗಲ ಮೇಲೆ ಪುಟ್ಟದೊಂದು ಎರಡು ಇಲ್ಲವೇ ಮೂರು, ಆಮೇಲೆ ಚುಕ್ಕೆಯೋ ಸುಳಿಯೋ ಏನೋ ಒಂದು. ನಡುವೆ ಒಂದು ಕಡೆ à²¨à³€à²°à³ ಎಂದಿತ್ತು. ಅದು ‘ನೀರು’ ಎಂಬ ಮಾತು ಎಂದು ಈಗ ನನಗೆ ಗೊತ್ತು. ಆಗ ಅದು ನನಗೆ ಇರುವೆ ಹರಿದ ಹಾಗೆ ಕಂಡಿತು. ಗೂಡಿನವನು, ‘ಕೆಟ್ಟು ಹೋದ ಪುಟರೀ ಇದು, ಅಂಕಿ ಅಷ್ಟ ಉಳದಾವ ನೋಡ್ರಿ’ ಎಂದು ಹೇಳಿ ಮುಂದಿನವರನ್ನು ಕರೆದನಂತೆ.

ಅಂಕಿಗಳು ಮಾತ್ರ ನಿಜವಾಗಿಯೂ ಉಳಿದಿದ್ದವು.

ಬಿಸಿಲುಕಟ್ಟಿನ ಹೊತ್ತಿಗೆ ಕಟ್ಟೆಯ ಮೇಲೆ ಹಾಳೆ ಹರಡಿ ಗವಿಸಿದ್ದ ಎಲ್ಲರನ್ನೂ ಕರೆದರು.

‘ಅಕ್ಷರ ಎಲ್ಲಾ ಹುಳ ತಿಂದಂಗ ಆಗ್ಯಾವ. ಆದ್ರ ಅಂಕಿ ಚೊಲೋ ಅದಾವ. ಇದು ಮುಚ್ಚಳದ ಮ್ಯಾಲಿನ ನಂಬರ. ಇದು ಇನ್ನೂರಾ ಹತ್ತು, ಅಂದ್ರ ಬಾವಿ ಆಳ. ಇಲ್ಲಿ ನೋಡ್ರಿ, ನಾಕು ಪಾಯಿಂಟ್ ಎಂಟು. ಇಂಚು! ಐದು ಇಂಚಿಗಿ ಒಂಚೂರು ಕಡಿಮಿ ನೀರು!’

ಕೊಳವೆಬಾವಿಯ ನೀರನ್ನು ಇಂಚಿನಲ್ಲಿ ಅಳೆಯುವುದು ನಿಮ್ಮ ಕಾಲದಿಂದ ಬಂದ ರೂಢಿಯಂತೆ. ಎರಡು ಇಂಚು ಬಂದರೆ ಊರು ಬದುಕುತ್ತದೆ ಎನ್ನುತ್ತಾರೆ. ಐದು ಇಂಚು ಎಂದದ್ದೇ ಕಟ್ಟೆಯ ಮೇಲಿದ್ದವರೆಲ್ಲ ಹಾಳೆಯ ಸುತ್ತ ಮುಗಿಬಿದ್ದರು. ಬಾನುಬಿ ಚಾಚಿ ಮಾತ್ರ ಕೂತಲ್ಲೇ ಕೌದಿಯಿಂದ ತಲೆ ಎತ್ತಿದಳು. ಅವಳು ನಮ್ಮೂರಿನ ಹಿರಿಯಳು, ಎಲ್ಲರ ಬಾಣಂತನ ಮಾಡಿದವಳು.

‘ಅಷ್ಟು ನೀರಿದ್ದ ಬಾವಿಗಿ ಮುಚ್ಚಳ ಯಾಕ ಬಡದ್ರೋ, ತಮ್ಮಾ?’

‘ಊರ ಬಿಟ್ಟು ಹೋಗೋರು ಚಾಚಿ. ಕಲ್ಲು ಮಣ್ಣು ಬಿದ್ದು ಕೆಡಬಾರ್ದು ಅಂತ ಮುಚ್ಚಿ ಹೋಗ್ಯಾರ. ಮುಂದ ಬರೋರಿಗಿ ಇರ್ಲಿ ಅಂತ.’

ಗವಿಸಿದ್ದ ಇದನ್ನು ಯಾರಿಗೋ ಸಮಾಧಾನ ಹೇಳುವ ದನಿಯಲ್ಲಿ ಹೇಳಲಿಲ್ಲ. ಹಾಗೆಯೇ ನಂಬಿದ್ದರು. ಹಿಂದಿನವರು ನಮ್ಮನ್ನು ನೆನೆದಿದ್ದರು ಎಂದು ಅವರ ಕಣ್ಣು ತುಂಬಿ ಬಂದದ್ದನ್ನು ನಾನು ನೋಡಿದೆ. ಚಾಚಿ ಮತ್ತೆ ಸೂಜಿಗೆ ದಾರ ಪೋಣಿಸಿದಳು.

ಮುಚ್ಚಳ ಕೊರೆದರು, ಪಂಪು ಇಳಿಸಿದರು. ಮೊದಲು ಕೆಂಪು ರಾಡಿ ಬಂತು, ಆಮೇಲೆ ಗಾಜಿನಂಥ ನೀರು. ಬಂದದ್ದು ಎರಡು ಇಂಚು. ‘ಪಂಪು ಸಣ್ಣದೈತಿ’ ಎಂದರು ಗವಿಸಿದ್ದ. ಯಾರೂ ಅದನ್ನು ಎರಡನೆಯ ಸಲ ಕೇಳಲಿಲ್ಲ, ಎರಡು ಇಂಚೇ ನಮಗೆ ಸಮುದ್ರ. ಉಪ್ಪು ಇಲ್ಲ, ವಾಸನೆ ಇಲ್ಲ, ಬೇಳೆ ಚೆನ್ನಾಗಿ ಬೇಯುತ್ತಿತ್ತು. ಜನ ಮೈಮೇಲೆ ಸುರಿದುಕೊಂಡು ನಕ್ಕರು. ಕೆಲವು ತಿಂಗಳ ಮೇಲೆ ಹಳಿಯ ಸಾಲಿನಲ್ಲಿ ಹೊಸ ಊರೊಂದು ಸೇರಿದಾಗ, ನಮಗೆ ಬಾವಿ ಇದೆ, ನಮ್ಮ ಪಾಳಿಯ ನೀರು ಅವರಿಗೆ ಕೊಡಿ ಎಂದು ನಾವೇ ಹೇಳಿ ಬಂಡಿ ಬಿಟ್ಟುಕೊಟ್ಟೆವು. ಬಾವಿ ತೆರೆದಾಗ ಮುಕ್ತಾಗೆ ಇನ್ನೂ ಹಲ್ಲು ಬಂದಿರಲಿಲ್ಲ. ಅವಳು ಬಾಯಿಗಿಟ್ಟ ಮೊದಲ ಗಂಜಿ ಆ ನೀರಿನದೇ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಮಕ್ಕಳ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದಾಗ ಅವುಗಳ ಮೇಲೆ ಸುಣ್ಣದ ಚುಕ್ಕೆ ಕಂಡವು. ಕ್ರಮೇಣ ಚುಕ್ಕೆ ಕಂದುಗೆರೆಯಾಯಿತು. ಬೂದಿಯಿಂದ ಉಜ್ಜಿದೆವು, ಬೇವಿನ ಕಡ್ಡಿಯಿಂದ ಉಜ್ಜಿದೆವು, ಹೋಗಲಿಲ್ಲ. ನವಣೆಯಿಂದ ಇರಬೇಕು ಎಂದರು ಕೆಲವರು. ಆಮೇಲೆ ದೊಡ್ಡವರಿಗೆ ಬೆಳಿಗ್ಗೆ ಏಳುವಾಗ ಬೆನ್ನು ಹಿಡಿಯತೊಡಗಿತು. ಬಾನುಬಿ ಚಾಚಿಗೆ ಕುತ್ತಿಗೆ ತಿರುಗದಾಯಿತು, ಯಾರಾದರೂ ಕರೆದರೆ ಇಡೀ ಮೈ ತಿರುಗಿಸುತ್ತಿದ್ದಳು. ಮುಕ್ತಾಗೂ ಹೊಸ ಹಲ್ಲು ಬರುವ ಹೊತ್ತಿಗೆ ಅವಳ ಮೊಣಕಾಲು ಎರಡೂ ಒಳಕ್ಕೆ ಬಾಗಿ ಒಂದಕ್ಕೊಂದು ತಗುಲುತ್ತಿದ್ದವು. ಮಕ್ಕಳೆಲ್ಲ ಮುಂದೆ ಓಡಿ ಹೋದ ಮೇಲೆ ಅವಳು ಕಂಬ ಹಿಡಿದು ನಿಂತುಕೊಳ್ಳುತ್ತಿದ್ದಳು. ಊರೂರು ತಿರುಗುವ ವೈದ್ಯೆ ಬಂದಾಗ ಬಾವಿಯ ನೀರನ್ನು ತನ್ನ ಪೆಟ್ಟಿಗೆಯಲ್ಲಿ ಪರೀಕ್ಷೆ ಮಾಡಿ, ರೋಗದ ಕ್ರಿಮಿ ಒಂದೂ ಇಲ್ಲ, ಇಷ್ಟು ಶುದ್ಧ ನೀರು ನಾನು ನೋಡಿಲ್ಲ ಎಂದಳು. ಅವಳ ಪೆಟ್ಟಿಗೆಗೆ ಕ್ರಿಮಿ ಮಾತ್ರ ಕಾಣುತ್ತಿತ್ತು. ಹುಡುಗಿಯ ಕಾಲನ್ನು ಕೊಪ್ಪಳದ ಮೂಳೆಮನೆಯಲ್ಲಿ ತೋರಿಸಿ ಎಂದು ಹೇಳಿ ಹೋದಳು.

ನಾನು ಮುಕ್ತಾಳನ್ನು ಕರೆದುಕೊಂಡು ಕೊಪ್ಪಳಕ್ಕೆ ಹೋದೆ. ಮೂಳೆಮನೆಯಲ್ಲಿ ಸರದಿ ದೊಡ್ಡದಿತ್ತು, ಸಂಜೆಗೆ ಬನ್ನಿ ಎಂದರು. ಬಿಸಿಲುಕಟ್ಟಿನಲ್ಲಿ ಹೊರಗೆ ನಿಲ್ಲುವಂತಿಲ್ಲ, ಕೂರುವುದಕ್ಕೆ ತಂಪು ಜಾಗ ಎಂದು ಜಾಲಗೂಡಿಗೆ ಇಳಿದೆವು. ಹಳೆಯ ಗೂಡಿನವನು ಹೋಗಿ ಜಾನಕಿ ಹರಿಕಂತ್ರ ಎಂಬುವಳು ಬಂದಿದ್ದಳು. ಅವಳ ಹಿರಿಯರು ಕರಾವಳಿಯವರು, ಸಮುದ್ರ ಒಳಗೆ ಬಂದಾಗ ಗುಡ್ಡ ಹತ್ತಿ ಈ ಕಡೆ ಬಂದವರು. ಯಾವ ಊರಿನಿಂದ ಬಂದಿರಿ ಎಂದು ಕೇಳಿದಳು. ನೆರಳೂರು ಎಂದೆ. ನಮ್ಮ ಬಾವಿಯ ಪುಟವೂ ನಿಮ್ಮಲ್ಲಿದೆ, ಆದರೆ ಅದು ಕೆಟ್ಟಿದೆ ಎಂದೆ. ಮಾತಿಗೆ ಹೇಳಿದ್ದು. ಸಂಖ್ಯೆ ಬಾಯಿಪಾಠವಾಗಿತ್ತು, ಅದನ್ನೂ ಹೇಳಿದೆ. ಅವಳು ತೆರೆದು ನೋಡಿದಳು.

‘ಇದು ಕೆಟ್ಟಿಲ್ಲ ಮಾರಾಯ್ತಿ. ಈ ಗೀಟಿನ ಎ, ಈ ಸಣ್ಣ ಎರಡು, ಸಣ್ಣ ಮೂರು ಸಾಲಾಗಿ ಕಂಡ್ರೆ ಒಳಗೆ ಕನ್ನಡ ಉಂಟು ಅಂತಲೇ ಲೆಕ್ಕ. ನೋಡ್ವಾ ತಡಿ.’

ಅವಳು ಹೇಳಿದ್ದನ್ನು ನಾನು ಅರ್ಥ ಮಾಡಿಕೊಂಡಂತೆ ಬರೆಯುತ್ತೇನೆ, ನಿಮಗಿದು ಚೆನ್ನಾಗಿ ಗೊತ್ತಿರಬಹುದು. ಯಂತ್ರದ ಒಳಗೆ ಅಕ್ಷರ ಎಂಬುದಿಲ್ಲ, ಬರೀ ಅಂಕಿಗಳು. ಯಾವ ಅಂಕಿಗೆ ಯಾವ ಅಕ್ಷರ ಎಂಬ ಒಪ್ಪಂದಕ್ಕೆ ನಾವು ಅಕ್ಷರಕಟ್ಟು ಎನ್ನುತ್ತೇವೆ. ಪುಟದ ತಲೆಯಲ್ಲಿ, ಓದುವವರ ಕಣ್ಣಿಗೆ ಬೀಳದ ಕಡೆ, ಇದು ಇಂಥ ಕಟ್ಟಿನ ಪುಟ ಎಂದು ಹೇಳುವ ಒಂದು ಸಾಲು ಇರಬೇಕು. ನಿಮ್ಮ ಪುಟದಲ್ಲಿ ಆ ಸಾಲು ಇರಲಿಲ್ಲ. ಸಾಲು ಇಲ್ಲದಾಗ ಇಣುಕು ತಾನೇ ಊಹೆ ಮಾಡುತ್ತದೆ. ನಿಮ್ಮ ಪುಟವನ್ನು ಅದು ಪಶ್ಚಿಮದ ಭಾಷೆಯದೆಂದು ಊಹಿಸಿ, ಕನ್ನಡದ ಒಂದೊಂದು ಅಕ್ಷರವನ್ನೂ ಒಡೆದು ಮೂರು ಮೂರು ಚೂರು ಮಾಡಿ ತೋರಿಸಿತ್ತು. ಅಂಕಿಗಳಿಗೆ ಎಲ್ಲ ಕಟ್ಟುಗಳಲ್ಲೂ ಒಂದೇ ಒಪ್ಪಂದವಂತೆ. ಅವು ಒಡೆಯುವುದಿಲ್ಲ.

ಜಾನಕಿ ಇಣುಕಿನ ಮೂಲೆಯಲ್ಲಿ ಕಟ್ಟುಗಳ ಹೆಸರಿದ್ದ ಪಟ್ಟಿಯನ್ನು ತೆರೆದಳು. ಒಂದನ್ನು ಒತ್ತಿದಳು, ಪುಟದ ತುಂಬ ಖಾಲಿ ಡಬ್ಬಿಗಳು ಬಂದವು. ‘ಇದಲ್ಲ’ ಎಂದಳು. ಯುಟಿಎಫ್-8 ಎಂಬುದನ್ನು ಒತ್ತಿದಳು. ಪುಟ ಒಮ್ಮೆ ಬಿಳಿಯಾಗಿ, ಮತ್ತೆ ತುಂಬಿಕೊಂಡಿತು. ಕನ್ನಡ. ಮುಕ್ತಾ ‘ಅವ್ವಾ, ಅಕ್ಷರ ಬಂದ್ವು’ ಎಂದು ಚಪ್ಪಾಳೆ ತಟ್ಟಿದಳು. ನಾನೂ ನಕ್ಕಿರಬೇಕು.

ಮೇಲಿನ ಸಾಲು, ‘ಕೊಳವೆಬಾವಿಯ ನೀರಿನ ಗುಣಮಟ್ಟ.’ ಅದರ ಕೆಳಗೆ ಊರಿನ ಹೆಸರು, ಬಾವಿಯ ಸಂಖ್ಯೆ, ಆಳ ಇನ್ನೂರ ಹತ್ತು ಅಡಿ. ಆಮೇಲೆ ‘ಫ್ಲೋರೈಡ್, ಲೀಟರಿಗೆ 4.8 ಮಿಲಿಗ್ರಾಂ.’ ಅದರ ಕೆಳಗೆ ‘ಸೂಚನೆ’ ಎಂದಿತ್ತು. ಸೂಚನೆ ಮಾತ್ರ ಇನ್ನೂ ಗೋಜಲಾಗಿಯೇ ಇತ್ತು. ಆದರೆ ಬೇರೆ ಥರದ ಗೋಜಲು. PÀÄrAiÀÄ¨ÉÃr ಎಂದು ಶುರುವಾಗುತ್ತಿತ್ತು.

‘ಫ್ಲೋರೈಡ್ ಅಂದ್ರ ಏನ್ರೀ?’ ಎಂದು ಕೇಳಿದೆ.

ಜಾನಕಿ ಮುಕ್ತಾಳ ಕಾಲು ನೋಡಿದಳು. ಆಮೇಲೆ ನನ್ನ ಮುಖ ನೋಡಲಿಲ್ಲ. ‘ಮೊದಲು ಕೆಳಗಿಂದು ಓದ್ವ’ ಎಂದಳು.

ಕೆಳಗಿನದನ್ನು ನೀವು ಬೇರೆ ಎಲ್ಲೋ ಬರೆದು ತಂದು ಅಂಟಿಸಿದ್ದಿರಿ. ಆ ಅಕ್ಷರಗಳು ಯಾವ ಕಟ್ಟಿಗೂ ಸೇರಿದವಲ್ಲವಂತೆ. ಇಂಗ್ಲಿಷ್ ಅಕ್ಷರಗಳಿಗೇ ಕನ್ನಡದ ರೂಪ ತೊಡಿಸಿದ ಹಳೆಯ ಪದ್ಧತಿ. ಆ ರೂಪ ಇದ್ದ ಯಂತ್ರದಲ್ಲಿ ಮಾತ್ರ ಅವು ಕನ್ನಡ, ಬೇರೆ ಯಂತ್ರದಲ್ಲಿ ಹೀಗೆ. ನಿಮ್ಮ ಮೇಜಿನ ಮೇಲೆ ಅದು ನಿಮಗೆ ಚೆಂದವಾಗಿಯೇ ಕಂಡಿರಬೇಕು. ಜಾನಕಿಯ ಹತ್ತಿರ ಅದನ್ನು ಬದಲಿಸುವ ಒಂದು ಸಲಕರಣೆ ಇತ್ತು. ಅದರಲ್ಲಿ ಹಾಕಿ, ತಪ್ಪು ಬಂದ ಒತ್ತಕ್ಷರಗಳನ್ನು ಕೈಯಿಂದ ತಿದ್ದಿ, ನನ್ನ ಕಡೆಗೆ ಪರದೆ ತಿರುಗಿಸಿದಳು. ನಾನು ಬೆರಳಿಟ್ಟು ನಿಧಾನವಾಗಿ ಓದಿದೆ. ನೀವು ಬರೆದದ್ದನ್ನು ನಿಮಗೇ ಬರೆದು ತೋರಿಸುತ್ತಿದ್ದೇನೆ:

‘ಕುಡಿಯಬೇಡಿ. ಅಡುಗೆಗೂ ಬಳಸಬೇಡಿ. ಕುದಿಸಿದರೂ ಹೋಗುವುದಿಲ್ಲ. ಮಕ್ಕಳ ಹಲ್ಲು ಕೆಡುತ್ತದೆ, ಕಾಲಿನ ಮೂಳೆ ಬಾಗುತ್ತದೆ. ಬಾವಿಯನ್ನು ಬೆಸುಗೆ ಹಾಕಿ ಮುಚ್ಚಿದ್ದೇವೆ. ನೀರಿಗೆ ಎಷ್ಟೇ ಕಷ್ಟವಾದರೂ ತೆರೆಯಬೇಡಿ. ಇದನ್ನು ಈ ಊರಿನ ಮಕ್ಕಳನ್ನು ಕಣ್ಣಾರೆ ನೋಡಿ ಬರೆದಿದ್ದೇನೆ.’

‘ಏನ್ ಐತವ್ವ ಅದರಾಗ?’ ಎಂದು ಮುಕ್ತಾ ಕೇಳಿದಳು.

‘ನೀರಿನ ಸುದ್ದಿ’ ಎಂದೆ.

ಆ ಹೊತ್ತು ನನಗೆ ಏನನ್ನಿಸಿತು ಎಂದು ಜನ ಕೇಳುತ್ತಾರೆ. ಏನೂ ಅನ್ನಿಸಲಿಲ್ಲ. ಬಾಯಾರಿಕೆಯಾಗಿತ್ತು. ಜಾನಕಿ ಕೊಟ್ಟ ನೀರು ಕುಡಿದೆ. ಮೂಳೆಮನೆಗೆ ಹೋಗಿ ಸರದಿಯಲ್ಲಿ ಕೂತೆ. ಅವರು ಕಾಲನ್ನು ಅಳೆದು, ಬೆಳೆಯುವುದು ನಿಂತ ಮೇಲೆ ಮೂಳೆ ಕಡಿದು ನೆಟ್ಟಗೆ ಕೂಡಿಸಬೇಕು, ಈಗಲ್ಲ ಎಂದರು. ಆಗಲಿ ಎಂದೆ. ದಾರಿಯಲ್ಲಿ ಮುಕ್ತಾ ಕಡಲೆ ಕೇಳಿದಳು, ಕೊಡಿಸಿದೆ. ಅವಳು ಆ ಕಂದು ಹಲ್ಲಿನಿಂದ ಕಡಲೆ ಕಡಿಯುವುದನ್ನು ಊರು ಬರುವವರೆಗೂ ನೋಡುತ್ತ ಬಂದೆ. ಅಂದಿನಿಂದ ನನ್ನೊಳಗೆ ಒಂದು ಕಡೆ ಜೋಮು ಹಿಡಿದ ಹಾಗಿದೆ. ಒತ್ತಿ ನೋಡಿದರೆ ಅಲ್ಲಿ ಏನೋ ಇದೆ ಎಂದು ಗೊತ್ತಾಗುತ್ತದೆ, ನೋವು ಮಾತ್ರ ಗೊತ್ತಾಗುವುದಿಲ್ಲ.

ಗವಿಸಿದ್ದ ಪಂಪಿನ ಹತ್ತಿರ ಕೂತು ವಾಷರ್ ಬದಲಿಸುತ್ತಿದ್ದರು. ನಾನು ಎದುರಿಗೆ ಕೂತೆ.

‘ಮೂಳಿಮನ್ಯಾಗ ಏನಂದ್ರು?’ ಎಂದು ಕೇಳಿದರು.

‘ಆ ಪುಟ ಓದಿಸ್ಕೊಂಡ ಬಂದೀನ್ರಿ.’

‘ಯಾವ ಪುಟ?’

‘ಬಾವಿದು. ಕೆಟ್ಟಿಲ್ಲಂತ ಅದು. ನಾಕು ಪಾಯಿಂಟ್ ಎಂಟು ಅಂದ್ರ ಇಂಚಲ್ರಿ. ಈ ನೀರಾಗ ಇರೋ ಒಂದು ವಿಷ. ಕುಡಿಬ್ಯಾಡ್ರಿ ಅಂತ ಬರದಾರ. ಮಕ್ಕಳ ಕಾಲ ಬಾಗ್ತಾವ ಅಂತ ಬರದಾರ.’

ಅವರು ವಾಷರನ್ನು ಬೆರಳಲ್ಲಿ ತಿರುಗಿಸುತ್ತಲೇ ಇದ್ದರು.

‘ಇಂಚಲ್ಲೇನು?’

‘ಅಲ್ಲ.’

‘ಚೊಲೋತ್ನಾಗಿ ನೋಡಿದೇನು? ಇಂಚು ಅಂತ ಎಲ್ಲೂ ಇಲ್ಲೇನು?’

‘ಎಲ್ಲೂ ಇಲ್ರಿ.’

ಎದ್ದು ಹೋಗಿ ಪಂಪಿನ ಸ್ವಿಚ್ಚು ಆರಿಸಿದರು. ಕೊಳಾಯಿ ಹತ್ತಿರ ಕೊಡ ಇಟ್ಟುಕೊಂಡು ನಿಂತಿದ್ದವರು, ‘ಯಾಕ ಬಂದ್ ಮಾಡಿದಿ ಗೌಡ?’ ಎಂದು ಕೂಗಿದರು. ಗವಿಸಿದ್ದ ಕಟ್ಟೆ ಹತ್ತಿ ನಿಂತು ಎಲ್ಲರೂ ಸೇರುವವರೆಗೆ ಕಾದು, ನಾನು ಹೇಳಿದ್ದನ್ನು ಒಂದು ಮಾತೂ ಬಿಡದೆ ಹೇಳಿದರು. ‘ಅಂಕಿ ನೋಡಿ ಇಂಚು ಅಂದಾವ ನಾ. ಬ್ಯಾರೆ ಯಾರೂ ಅಲ್ಲ’ ಎಂದರು. ಯಾರಾದರೂ ಬೈಯುತ್ತಾರೆ, ಕಲ್ಲು ಎತ್ತುತ್ತಾರೆ ಎಂದು ನಾನು ಕಾದೆ. ಅವರೂ ಕಾದರು. ಹೆಂಗಸರು ತಮ್ಮ ತಮ್ಮ ಮಕ್ಕಳನ್ನು ಹುಡುಕಿ ಹತ್ತಿರಕ್ಕೆ ಎಳೆದುಕೊಂಡರು, ಅಷ್ಟೇ. ಬಾನುಬಿ ಚಾಚಿ ಇಡೀ ಮೈ ತಿರುಗಿಸಿ ನನ್ನ ಗಂಡನ ಕಡೆ ನೋಡಿದಳು.

‘ನಾ ಕೇಳಿದ್ನಿ, ನೀ ಹೇಳಿದಿ. ಇಬ್ಬರೂ ಅದ ನೀರು ಕುಡದ್ವಿ. ಕೆಳಗ ಇಳಿ ತಮ್ಮಾ.’

ನೀವು ‘ಎಷ್ಟೇ ಕಷ್ಟವಾದರೂ’ ಎಂದು ಬರೆದಿದ್ದಿರಿ. ನಿಮಗೆ ಸುಳ್ಳು ಹೇಳುವುದಿಲ್ಲ. ನಮ್ಮ ಪಾಳಿಯ ಬಂಡಿ ಆಗಲೇ ಬೇರೆ ಊರಿನದಾಗಿತ್ತು. ಅವರಲ್ಲೂ ಮಕ್ಕಳಿದ್ದರು. ಮರಳಿ ಕೊಡಿ ಎಂದು ಕೇಳಲು ಗವಿಸಿದ್ದ ಹೋದರು, ಕೊಪ್ಪಳಕ್ಕೆ ಹೋದರು, ನದಿಯ ನೀರು ಬಿಡುವವರ ಹತ್ತಿರ ಹೋದರು, ತಿಂಗಳುಗಟ್ಟಲೆ ತಿರುಗಿದರು. ಕೊನೆಗೆ ಅರ್ಧ ಬಂಡಿ ಸಿಕ್ಕಿತು. ಅದು ಮಕ್ಕಳಿಗೆ ಮಾತ್ರ ಎಂದು ಕಟ್ಟೆಯ ಮೇಲೆ ತೀರ್ಮಾನವಾಯಿತು. ಪೂರ್ತಿ ಬಂಡಿ ಬರುವವರೆಗೆ ದೊಡ್ಡವರು ಆ ಬಾವಿಯದನ್ನೇ ಕುಡಿದೆವು, ಗೊತ್ತಿದ್ದೂ ಕುಡಿದೆವು. ಒಂದು ಬಿಸಿಲುಕಟ್ಟಿನಲ್ಲಿ ಲೋಟ ಎತ್ತುವಾಗ ನೋಡಿದೆ, ಕಟ್ಟೆಯ ಮೇಲೆ ಎಲ್ಲರೂ ಕಣ್ಣು ಮುಚ್ಚಿಕೊಂಡು ಕುಡಿಯುತ್ತಿದ್ದರು, ಕಹಿ ಮದ್ದು ಕುಡಿಯುವ ಹಾಗೆ. ಆ ನೀರು ಮಾತ್ರ ಸಿಹಿಯಾಗಿಯೇ ಇತ್ತು.

ಈಗ ಬಾವಿಗೆ ಮತ್ತೆ ಬೆಸುಗೆ ಹಾಕಿದ್ದೇವೆ. ಬಾನುಬಿ ಚಾಚಿ ಇಲ್ಲ. ಮುಕ್ತಾಳ ಕಾಲುಗಳನ್ನು ಕಡಿದು ಕೂಡಿಸಿದರು, ಒಂದು ಚೆನ್ನಾಗಿ ಕೂಡಿತು, ಇನ್ನೊಂದು ಅಷ್ಟಾಗಿ ಕೂಡಲಿಲ್ಲ. ಅವಳಿಗೆ ಮದುವೆಯಾಗಿದೆ, ನಗುವಾಗ ಸೆರಗು ಬಾಯಿಗೆ ಅಡ್ಡ ಹಿಡಿಯುತ್ತಾಳೆ. ಗವಿಸಿದ್ದ ನೀರುಗೌಡಿಕೆ ಬಿಟ್ಟು ಬಿಸಿಲುಹಾಳೆ ಒರೆಸುವ ಕೆಲಸ ಮಾಡುತ್ತಾರೆ. ನಗು ಬಿಟ್ಟಿಲ್ಲ, ದೊಡ್ಡ ಗಂಟಲೂ ಇದೆ. ಆದರೆ ಅಂಕಿಯನ್ನು ಮಾತ್ರ ಬಾಯಿಬಿಟ್ಟು ಓದುವುದಿಲ್ಲ. ಹೊತ್ತೆಷ್ಟಾಯಿತು ಎಂದು ಕೇಳಿದರೂ ಗಡಿಯಾರವನ್ನು ನಮ್ಮ ಕಡೆ ತಿರುಗಿಸಿ, ‘ನೀವ ನೋಡ್ರಿ’ ಎನ್ನುತ್ತಾರೆ. ಮೊಮ್ಮಗ ಎಣಿಕೆ ಕಲಿಯುವಾಗ ಎದ್ದು ಹೊರಗೆ ಹೋಗುತ್ತಾರೆ. ನಾನು ತಡೆಯುವುದಿಲ್ಲ.

ಹಳೆಯ ಪುಟಗಳನ್ನು ಸರಿಮಾಡಿ ಓದುವುದನ್ನು ಜಾನಕಿಯ ಹತ್ತಿರ ಕಲಿತೆ. ಸುತ್ತಲಿನ ಊರುಗಳ ಬಾವಿಗಳ ಪುಟಗಳನ್ನೆಲ್ಲ ಹುಡುಕಿ ತೆರೆದೆವು. ಎಷ್ಟೋ ಪುಟಗಳು ಕಟ್ಟು ಬದಲಿಸಿದ ಕೂಡಲೇ ಬಾಯಿ ಬಿಟ್ಟವು. ಕೆಲವು ಊರಿನವರು ಮುಚ್ಚಳ ತೆಗೆಯುವ ಮೊದಲೇ ನಾವು ಹೋಗಿ ಮುಟ್ಟಿದೆವು. ಕೆಲವು ಪುಟಗಳನ್ನು ಮಾತ್ರ ಯಾರೋ ಅದೇ ಗೋಜಲಿನಲ್ಲೇ ಮತ್ತೊಮ್ಮೆ ಉಳಿಸಿದ್ದರಿಂದ, ಕನ್ನಡ ಇದ್ದ ಕಡೆಯೆಲ್ಲ ಬರೀ ಪ್ರಶ್ನೆಚಿಹ್ನೆಗಳು ನಿಂತಿವೆ. ಅವುಗಳಿಂದ ಯಾವ ಸಲಕರಣೆಯೂ ಏನನ್ನೂ ಹೊರಗೆ ತೆಗೆಯಲಾರದು. ಅಂಥ ಪುಟದ ಎದುರು ನಾನು ಸ್ವಲ್ಪ ಹೊತ್ತು ಕೂರುತ್ತೇನೆ. ಅಲ್ಲಿಯೂ ಯಾರೋ ಏನನ್ನೋ ಬೇಡ ಎಂದು ಹೇಳುತ್ತಿರಬಹುದು. ಆಮೇಲೆ ಮುಚ್ಚಿ ಮುಂದಿನದನ್ನು ತೆರೆಯುತ್ತೇನೆ.

ಪುಟ ಓದಿದವರು ಅದನ್ನು ಬರೆದವರಿಗೆ ಒಂದು ಹಿಂದೋಲೆ ಬರೆದು ಗೂಡಿನಲ್ಲಿ ಇಡುವುದು ಜಾನಕಿ ತಂದ ರೂಢಿ. ಹಿಂದೋಲೆ ಎಂದರೆ ಹಿಂದಕ್ಕೆ ಬರೆದ ಓಲೆ. ಅದು ತಲುಪುತ್ತದೆಯೇ ಎಂದು ಕೇಳಿದ್ದೆ. ತಲುಪುವುದಿಲ್ಲ, ಆದರೂ ಬರೆಯಿರಿ ಎಂದಳು. ಎಲ್ಲರೂ ಬರೆದರು, ನಾನು ಇಷ್ಟು ವರ್ಷ ಬರೆಯಲಿಲ್ಲ. ನಿಮ್ಮ ಮೇಲೆ ಸಿಟ್ಟು ಬರಲಿ, ಆಮೇಲೆ ಬರೆಯೋಣ ಎಂದು ಕಾದೆ. ಬರಲಿಲ್ಲ. ನೀವು ಆ ಮಕ್ಕಳನ್ನು ನೋಡಿದ್ದಿರಿ, ಮುಂದಿನವರಿಗೆ ಹೇಳಬೇಕು ಅನ್ನಿಸಿತ್ತು, ಹೇಳಿದಿರಿ. ನಿಮ್ಮ ಪರದೆಯ ಮೇಲೆ ಎಲ್ಲ ಸರಿಯಾಗಿ ಕಂಡಿತು, ಎದ್ದು ಮನೆಗೆ ಹೋದಿರಿ. ನಾನಾಗಿದ್ದರೂ ಹೋಗುತ್ತಿದ್ದೆ.

ಕೇಳುವುದು ಇಷ್ಟೇ. ನಿಮ್ಮ ಪುಟ ನಿಮ್ಮ ಕಣ್ಣಿಗೆ ಸರಿಯಾಗಿ ಕಂಡರೆ ಸಾಕು ಅಂದುಕೊಳ್ಳಬೇಡಿ, ಬೇರೆಯವರ ಯಂತ್ರದಲ್ಲಿ ಒಮ್ಮೆ ತೆರೆದು ನೋಡಿ. ಬೇರೆ ಪದ್ಧತಿಯ ಅಕ್ಷರ ತಂದು ನಡುವೆ ಅಂಟಿಸಬೇಡಿ. ಅಂಕಿಯನ್ನು ಒಂಟಿಯಾಗಿ ಬಿಡಬೇಡಿ, ಅದು ಏನನ್ನು ಅಳೆಯುತ್ತದೆ ಎಂಬುದನ್ನು ಯಾರೂ ತಪ್ಪು ತಿಳಿಯದ ಹಾಗೆ ಒಂದು ಚಿತ್ರವನ್ನಾದರೂ ಬರೆದು ತೋರಿಸಿ. ಪುಟದ ತಲೆಯಲ್ಲಿ ಅಕ್ಷರಕಟ್ಟಿನ ಆ ಒಂದು ಸಾಲು ಹಾಕಿ. ಅಂಗೈ ಅಗಲವೂ ಇಲ್ಲದ ಸಾಲು ಅದು, ಅದರ ರೂಪವನ್ನು ಜಾನಕಿ ನನಗೆ ತೋರಿಸಿದ್ದಾಳೆ.

ನೀವು ಅದನ್ನು ಹಾಕಿದ ಕೂಡಲೇ ನನ್ನ ಮಗಳು ಎದ್ದು ಓಡುತ್ತಾಳೆ ಎಂದು ನಾನು ನಂಬಿಲ್ಲ. ಆದರೂ ಹಾಕಿ.

ನಿಮ್ಮ,
ಸಾಂವಕ್ಕ